ಐದು ನೀಲಿಗಳ ಜಾಕೀಟು

ಚಳಿ ಹೊರಟುಹೋಯಿತೆಂದು ಹನೋಯಿಯಲ್ಲಿ ಯಾರೂ ಸುಲಭಕ್ಕೆ ನಂಬುವುದಿಲ್ಲ. ಮೂರನೇ ತಿಂಗಳು ಹುಟ್ಟಿ, ಬೆಲ್ಲ ತುಂಬಿದ ಅಕ್ಕಿಹಿಟ್ಟಿನ ಬಿಳಿ ಉಂಡೆಗಳನ್ನು ತಿಂದು ಮುಗಿಸಿ, ಸೈಕಲ್ಲಿನ ಬೆನ್ನ ಮೇಲೆ ಲಿಲ್ಲಿ ಹೂಗಳು ಬೀದಿ ಬೀದಿ ತಿರುಗತೊಡಗಿದ ಮೇಲೂ ಮನೆಯ ಹಿರಿಯರು "ಇನ್ನೊಂದು ಚಳಿ ಬಾಕಿ ಇದೆ, ದಪ್ಪ ಬಟ್ಟೆ ಕಟ್ಟಿಡಬೇಡಿ" ಎನ್ನುತ್ತಲೇ ಇರುತ್ತಾರೆ. ಆ ಬಾಕಿ ಚಳಿಗೆ ಒಬ್ಬ ನಿಧಾನಗಿತ್ತಿ ಹೆಂಡತಿಯ ಹೆಸರಿದೆ. ಗಂಡನಿಗೆಂದು ಬೆಚ್ಚನೆಯ ಅಂಗಿ ಹೊಲಿಯಲು ಕೂತವಳು ಚಳಿಗಾಲವೆಲ್ಲ ಕಳೆದ ಮೇಲೆ ಕೊನೆಯ ಗುಂಡಿ ಹಚ್ಚಿದಳಂತೆ. ಅವಳ ಅಳು ನೋಡಲಾರದೆ ಸ್ವರ್ಗದಲ್ಲಿದ್ದ ಅವಳಪ್ಪ, ಅಳಿಯ ಅಂಗಿ ತೊಟ್ಟು ನೋಡಲಿ ಎಂದು ಎರಡು ಮೂರು ದಿನದ ಚಳಿಯನ್ನು ವಾಪಸು ಕಳಿಸಿದನಂತೆ.

ಈ ವರ್ಷ ಆ ಚಳಿ ಬಂದದ್ದು ಥ್ವಾ ಅಜ್ಜಿ ತನ್ನ ಮೊಮ್ಮಗಳ ಜಾಕೀಟಿಗೆ ಕೊನೆಯ ಗುಂಡಿ ಹಚ್ಚಿದ ಮಧ್ಯಾಹ್ನವೇ.

"ನೋಡಿದ್ಯಾ!" ಅಜ್ಜಿ ಹಲ್ಲಿನಿಂದ ದಾರ ಕಚ್ಚಿ ತುಂಡರಿಸಿದಳು. ಕಿಟಕಿಯ ಬಾಗಿಲು ದಡ್ ಎಂದು ಹೊಡೆದುಕೊಂಡು ತಣ್ಣನೆಯ ಗಾಳಿ ಒಳನುಗ್ಗಿತ್ತು. "ಮೇಲಿರೋರು ನನ್ನ ಸೂಜಿ ಮೇಲೇ ಕಣ್ಣಿಟ್ಟಿದ್ರು ಕಣೇ. ನಿನಗೆ ಅಂತಲೇ ಕಳಿಸಿದ್ದಾರೆ. ನಾಳೆ ಆಸ್ಪತ್ರೆಗೆ ಇದನ್ನೇ ಹಾಕ್ಕೊಂಡು ಬರ್ತೀಯ. ಬರ್ತೀಯ ತಾನೆ?"

ಮಿಯೆನ್ ಜಾಕೀಟನ್ನು ನೋಡಿದಳು. ಮೊದಲು ನಗು ಉಕ್ಕಿತು, ಅದರ ಬೆನ್ನಿಗೇ ನಾಳೆಯ ನೆನಪಾಯಿತು.

ಐವತ್ತು ವರ್ಷ ದರ್ಜಿಯಾಗಿದ್ದ ಅಜ್ಜಿಯ ಪೆಟ್ಟಿಗೆಯಲ್ಲಿ ಸ್ಯಾಟಿನ್ ತುಂಡುಗಳು ರಾಶಿ ಬಿದ್ದಿದ್ದವು. ಅವುಗಳಲ್ಲಿ ಕಡುನೀಲಿಯವನ್ನಷ್ಟೇ ಆರಿಸಿ, ಒಳಗೆ ಹತ್ತಿ ತುಂಬಿ, ಚೌಕ ಚೌಕವಾಗಿ ಹೊಲಿದು, ಬಿಳಿ ಅಂಚು ಕೊಟ್ಟು, ಹಳೆಯ ಕಾಲದ ಮನೆತನದ ಹೆಣ್ಣುಮಕ್ಕಳು ತೊಡುವಂಥ ಗಂಭೀರವಾದ ಒಂದು ಜಾಕೀಟು ಮಾಡಬೇಕೆಂಬುದು ಅವಳ ಆಸೆ. ಆದರೆ ಎರಡೂ ಕಣ್ಣಿಗೆ ಪೊರೆ ಬಂದು ಅವಳಿಗೆ ಲೋಕವೆಲ್ಲ ಹಳಸಿದ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತಿತ್ತು. ಗಾಢ ಬಣ್ಣವೆಲ್ಲ ಕಡುನೀಲಿ, ತೆಳು ಬಣ್ಣವೆಲ್ಲ ಬಿಳಿ. ಹಾಗಾಗಿ ಜಾಕೀಟಿನ ಎಡ ಎದೆ ಮಾತ್ರ ನಿಜವಾಗಿ ನೀಲಿ. ಬಲ ಎದೆ ಬದನೆಕಾಯಿ ನೇರಳೆ. ಬೆನ್ನು ಬಾಟಲಿ ಹಸಿರು. ಒಂದು ತೋಳು ಬೀಟ್‌ರೂಟು, ಇನ್ನೊಂದು ಕಾಫಿಪುಡಿ. ಆ 'ಬಿಳಿ' ಅಂಚಂತೂ ಕೊರಳಲ್ಲಿ ನಿಂಬೆ ಹಳದಿ, ಸೊಂಟದಲ್ಲಿ ಆಕಾಶ ಬಣ್ಣ, ಮುಂಗೈಯಲ್ಲಿ ಹಸುಗೂಸಿನ ಕುಲಾವಿಯ ಗುಲಾಬಿ. ಹೊಲಿಗೆ ಮಾತ್ರ ಎಂದಿನ ಥ್ವಾ ಅಜ್ಜಿಯದೇ. ಇರುವೆ ಸಾಲು ಕೂಡ ಅಷ್ಟು ನೆಟ್ಟಗಿರುವುದಿಲ್ಲ.

ತಪ್ಪು ಅಜ್ಜಿಯದಾಗಿರಲಿಲ್ಲ. ಮಿಯೆನ್‌ಗೆ ಒಂದು ಅಭ್ಯಾಸವಿತ್ತು. ಎದುರಿಗೆ ಜನ ಜಾಸ್ತಿಯಾದರೆ, ಮಾತು ಜೋರಾದರೆ, ಮನಸ್ಸಿಗೆ ಇರಿಸುಮುರಿಸಾದರೆ, ಮೈಯನ್ನು ಕುರ್ಚಿಯಲ್ಲೇ ಬಿಟ್ಟು ಅವಳು ತಲೆಯೊಳಗಿನ ಯಾವುದೋ ಮೆಟ್ಟಿಲು ಹತ್ತಿ ಹೊರಟುಬಿಡುತ್ತಿದ್ದಳು. ಮನೆಯವರು ಅದಕ್ಕೆ 'ಅಟ್ಟ ಹತ್ತುವುದು' ಎಂದು ಹೆಸರಿಟ್ಟಿದ್ದರು. ಪದವಿ ಮುಗಿಸಿ, ಅಜ್ಜಿಯ ಮನೆಯ ಮೂಲೆಯಲ್ಲಿ ಪುಸ್ತಕಗಳ ಕರಡು ತಿದ್ದುತ್ತ ಕೂತಿದ್ದವಳಿಗೆ ಅಟ್ಟ ಬಲು ಹತ್ತಿರವಿತ್ತು. ನಲವತ್ತು ದಿನಗಳ ಹಿಂದೆ ಅಜ್ಜಿ ಮೊದಲ ತೋಳು ಎತ್ತಿ ಹಿಡಿದು "ನೀಲಿ ತಾನೆ ಮಗಳೇ?" ಎಂದು ಕೇಳಿದಾಗ ಮಿಯೆನ್ ಅಟ್ಟದ ಮೇಲಿದ್ದಳು. ತಲೆಯೆತ್ತದೆ "ಹೂಂ" ಎಂದಳು. ಮರುದಿನ ಕಣ್ಣುಬಿಟ್ಟು ನೋಡಿದರೆ ತೋಳು ಬೀಟ್‌ರೂಟು! ಅಷ್ಟರಲ್ಲಿ ಅದು ನೀಲಿ ಎದೆಗೆ ಸೇರಿ ಹೊಲಿಗೆ ಗಟ್ಟಿಯಾಗಿತ್ತು, ಅಜ್ಜಿ ಹಾಡು ಗುನುಗುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಗುನುಗುತ್ತಿದ್ದಳು. ಹೇಗೆ ಹೇಳುವುದು? ಆಮೇಲೆ ಪ್ರತಿ ತುಂಡಿಗೂ ಒಂದೊಂದು "ಹೂಂ" ಆಯಿತು. ಗಲ್ಲಿಯ ಬಾಯಲ್ಲಿ ಬಿಸಿ ಚಹಾ ಮಾರುವ ಲುಯೆನ್ ಅತ್ತೆಗೂ ಮಿಯೆನ್ ಕೈಮುಗಿದು ಬಾಯಿ ಮುಚ್ಚಿಸಿದ್ದಳು.

ನಾಳೆ ಅಜ್ಜಿಯ ಬಲಗಣ್ಣಿನ ಪೊರೆ ತೆಗೆಯುವುದಿತ್ತು. ಬೆಳಿಗ್ಗೆ ಆಪರೇಷನ್, ಮೂರು ಗಂಟೆಗೆ ಕಣ್ಣಿನ ಮೇಲಿನ ಮುಚ್ಚಳ ಬಿಚ್ಚುವುದು. ಬಿಚ್ಚಿದ ಮೇಲೆ ಎದುರಿಗೆ ಮೊದಲು ಕಾಣುವುದು ಮಿಯೆನ್, ಮಿಯೆನ್ ಮೈಮೇಲೆ ಈ ಜಾತ್ರೆ. ತನ್ನ ಸೂಜಿಯ ಬಗ್ಗೆ ಅಷ್ಟು ಅಭಿಮಾನದ ಅಜ್ಜಿ ನೋಡುವುದು ತನ್ನ ಕೈಯ ಅಪಹಾಸ್ಯವನ್ನು, ಜೊತೆಗೆ ಮೊಮ್ಮಗಳ ನಲವತ್ತು ದಿನದ ಸುಳ್ಳನ್ನು. ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಮೊದಲ ದಿನ ಬಗ್ಗಬಾರದು, ಕೆಮ್ಮಬಾರದು, ಜೋರಾಗಿ ನಗಬಾರದು, ಅಳಬಾರದು.

ಅಳಬಾರದು ಎಂಬ ಪದದ ಕೆಳಗೆ ಮಿಯೆನ್ ಪೆನ್ಸಿಲಿನಲ್ಲಿ ಗೆರೆ ಎಳೆದಳು. ಆಮೇಲೆ ಮಂಚದಡಿಯಿಂದ ತನ್ನ ಬೂದಿ ಬಣ್ಣದ ಕೋಟನ್ನು ಎಳೆದು, ಮಡಿಸಿ, ಆಸ್ಪತ್ರೆ ಚೀಲದ ತಳಕ್ಕೆ, ಥರ್ಮಾಸಿನ ಕೆಳಗೆ ತುರುಕಿದಳು. ಅವಳ ಹತ್ತಿರ ಇದ್ದ ಮೂರೂ ಕೋಟು ಬೂದಿಯವೇ. ಗೋಡೆಗೆ ಒರಗಿ ನಿಂತರೆ ಗೋಡೆಯೇ ಆಗಿಬಿಡಬಹುದಾದಂಥವು. ಮುಚ್ಚಳ ಬಿಚ್ಚುವ ಮೊದಲು ಜಾಕೀಟನ್ನು ಬಚ್ಚಿಟ್ಟರಾಯಿತು. ಅಳು ಆಚೆ ವಾರಕ್ಕೆ ಹೋಗಲಿ.

"ಚೀಲ ಯಾಕೆ ಇಷ್ಟು ಉಬ್ಬಿದೆ?" ಬೆಳಿಗ್ಗೆ ಅಜ್ಜಿ ತಡವಿ ನೋಡಿ ಕೇಳಿದಳು.

"ಟವೆಲ್ಲು ಅಜ್ಜಿ."

"ನನ್ನ ಕಣ್ಣು ತೆಗೀತಾರಾ, ಹೆರಿಗೆ ಮಾಡಿಸ್ತಾರಾ?"

ಅಜ್ಜಿ ಕೆಂಪು ಮಖಮಲ್ಲಿನ ಉದ್ದ ಅಂಗಿ ತೊಟ್ಟು, ಕೂದಲನ್ನು ಕಪ್ಪು ಪಟ್ಟಿಯಲ್ಲಿ ಸುತ್ತಿ ತಲೆಯ ಸುತ್ತ ಕಿರೀಟದಂತೆ ಕಟ್ಟಿ, ಮುತ್ತಿನ ಸರ ಹಾಕಿ ಹೊರಟಿದ್ದಳು. "ಅಲ್ಲಿ ಹೇಗೂ ಹಸಿರು ಗೌನು ಹಾಕಿಸ್ತಾರಂತೆ ಅಜ್ಜಿ" ಎಂದರೆ, "ಬಾಗಿಲಿಗೆ ಹೋಗೋ ತನಕ ಆದ್ರೂ ಯಾರು ಬಂದಿದ್ದಾರೆ ಅಂತ ಡಾಕ್ಟರಿಗೆ ಗೊತ್ತಾಗಬೇಕಲ್ಲ" ಎಂದಳು.

ಗಲ್ಲಿಯ ಬಾಯಲ್ಲಿ ಲುಯೆನ್ ಅತ್ತೆ ಜಾಕೀಟು ಕಂಡು ಚಹಾದ ಸೌಟನ್ನೇ ಬಾಯಿಗೆ ಅಡ್ಡ ಹಿಡಿದಳು.

"ಹೆಂಗಿದೆ ಲುಯೆನ್, ನನ್ನ ಕೆಲಸ?"

"ಅಯ್ಯೋ ಅಕ್ಕಾ... ಈ ಇಡೀ ಊರಲ್ಲಿ ಇನ್ನೊಂದು ಇಲ್ಲ ಬಿಡಿ."

"ಕೇಳಿಸ್ಕೊಂಡ್ಯಾ?" ಅಜ್ಜಿ ಮಿಯೆನ್‌ಳ ಪಕ್ಕೆ ತಿವಿದಳು.

ಕಣ್ಣಾಸ್ಪತ್ರೆಯ ಎರಡನೇ ಮಹಡಿಯ ಹಜಾರದಲ್ಲಿ ಮೂವತ್ತು ಮಂದಿ ಪೊರೆಯವರೂ ಅವರನ್ನು ಕರೆತಂದವರೂ ಕೂತಿದ್ದರು. ಹೊರಗೆ ಜಿನುಗು ಮಳೆ. ಒಳಗೆ ಔಷಧಿಯ ವಾಸನೆಗಿಂತ ನ್ಯಾಫ್ತಲೀನ್ ಗುಳಿಗೆಯ ವಾಸನೆಯೇ ಹೆಚ್ಚು. ಹಿಂದಿನ ದಿನ ಏಕಾಏಕಿ ಇಳಿದ ಚಳಿಗೆ ಜನ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಬಂದಿದ್ದರು. ಅಜ್ಜಿ ಕುರ್ಚಿಯಲ್ಲಿ ಕೂತ ಹತ್ತು ನಿಮಿಷಕ್ಕೆ ಮಿಯೆನ್‌ಳ ಕೈ ಹಿಡಿದಳು. ಅಜ್ಜಿಯ ಕೈ ಮೀನಿನಷ್ಟು ತಣ್ಣಗಿತ್ತು.

"ನಡಿ, ಮನೆಗೆ ಹೋಗೋಣ."

"ಅಜ್ಜೀ!"

"ಮಬ್ಬಲ್ಲೇ ಚೆನ್ನಾಗಿದೆ ಕಣೇ. ಎಂಬತ್ತಕ್ಕೆ ಎರಡು ಕಮ್ಮಿ. ಇನ್ನೇನು ನೋಡೋದಿದೆ? ಇರೋ ಇಷ್ಟು ಬೆಳಕೂ ಹೋಗ್ಬಿಟ್ರೆ ಸೂಜಿಗೆ ದಾರ ಹೆಂಗೆ ಪೋಣಿಸಲಿ?"

ಅಜ್ಜಿ ಹೆದರಿದ್ದನ್ನು ಮಿಯೆನ್ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹಜಾರದ ಗದ್ದಲ ದೂರವಾಗತೊಡಗಿತು. ತಲೆಯೊಳಗೆ ಮೊದಲ ಮೆಟ್ಟಿಲು ಕಾಣಿಸಿತು, ಎರಡನೆಯದು...

"ಏಯ್! ಹತ್ತಬೇಡ!" ಅಜ್ಜಿ ಅವಳ ಕೈಯನ್ನು ಜಗ್ಗಿದಳು. "ಇವತ್ತೊಂದು ದಿನ ಕೆಳಗೇ ಇರು. ನನಗೆ ಕಾಣಲ್ಲ, ನೀನೂ ಹೊರಟುಹೋದ್ರೆ ನಾನು ಯಾರ ಜೊತೆ ಕೂತ್ಕೊಳ್ಳಲಿ? ಏನಾದ್ರೂ ಮಾತಾಡು. ಇಲ್ಲಿ ಯಾರು ಯಾರು ಏನೇನು ಹಾಕ್ಕೊಂಡಿದ್ದಾರೆ, ಅದನ್ನೇ ಹೇಳು. ನಿನ್ನ ಬಾಯಿ ನಿಂತ ಕ್ಷಣ ನಾನೆದ್ದು ಹೊರಡ್ತೀನಿ, ನೋಡ್ತಿರು."

ಮಿಯೆನ್ ಗಂಟಲು ಸರಿಮಾಡಿಕೊಂಡಳು. "ಎದುರಿಗೆ... ಒಬ್ರು ತಾತ. ಕಪ್ಪು ಚಪ್ಪಟೆ ಬೆರೆ ಟೋಪಿ. ಬಿಳಿ ಶರ್ಟು, ಟೈ, ಮೇಲೆ ಕೋಟು."

"ಸೊಗಸಾಗಿದೆ. ಮೇಷ್ಟ್ರಿರಬೇಕು. ಕೆಳಗೆ?"

ಮಿಯೆನ್ ಕೆಳಗೆ ನೋಡಿದಳು. ಧ್ವನಿ ತಗ್ಗಿಸಿದಳು. "ಕೆಳಗೆ ಹೆಂಗಸರ ದಪ್ಪ ಪೈಜಾಮ ಅಜ್ಜಿ. ನೇರಳೆ ಬಣ್ಣದ್ದು. ಅದರ ಮೇಲೆ ಹೂವು. ಒಂದೊಂದು ಹೂವು ಸಾಸರಿನಷ್ಟು."

ಅಜ್ಜಿಯ ಕೈಗೆ ಸ್ವಲ್ಪ ಬಿಸಿ ಬಂತು. "ಸುಳ್ಳು!"

"ಪಕ್ಕದಲ್ಲಿ ಒಬ್ಳು ಹುಡುಗಿ, ಗಿಡ್ಡ ಸ್ಕರ್ಟು, ಕಾಲು ಬರಿ, ಸೊಂಟದಿಂದ ಮೇಲೆ ಮಾತ್ರ ಕಂಬಳಿ ಸುತ್ಕೊಂಡಿದ್ದಾಳೆ. ಅವಳಾಚೆ ಒಬ್ರು ಅತ್ತೆ, ರಬ್ಬರ್ ಚಪ್ಪಲಿಯೊಳಗೆ ಸಾಕ್ಸು. ಸಾಕ್ಸಿಗೆ ಬೆರಳು ಬೆರಳಿದೆ, ಹೆಬ್ಬೆರಳು ಮಾತ್ರ ಕೆಂಪು."

ಹೇಳುತ್ತ ಹೇಳುತ್ತ ಅವಳಿಗೇ ಗೊತ್ತಿಲ್ಲದೆ ಧ್ವನಿ ಏರಿತ್ತು. ಪೊರೆ ಬಂದವರ ಹಜಾರದಲ್ಲಿ ಕಣ್ಣು ಮಬ್ಬಾದರೂ ಕಿವಿ ಚುರುಕು. ಬೆರೆ ಟೋಪಿ ತಾತ ಕುರ್ಚಿಯಿಂದಲೇ ಕೈಯೆತ್ತಿದ. "ಒಂದು ನಿಮಿಷ ಮಗಳೇ. ಅದು ನನ್ನ ಹೆಂಡ್ತೀದು. ನನ್ನ ಪ್ಯಾಂಟುಗಳನ್ನೆಲ್ಲ ಅವಳು ಒಗೆಯೋಕೆ ಹಾಕ್ಬಿಟ್ಟಿದ್ಲು. ಆದ್ರೆ ಸಾಸರು ಗೀಸರು ಏನಿಲ್ಲಮ್ಮ, ಸಣ್ಣ ಸಣ್ಣ ಚುಕ್ಕಿ. ಅವಳೇ ಹೇಳಿದ್ದು."

ಹಜಾರವೆಲ್ಲ ಗೊಳ್ಳೆಂದಿತು. ಮಿಯೆನ್‌ಳ ಮುಖ ಕೆಂಡವಾಯಿತು. ಆದರೆ ಬಾಯಿ ನಿಲ್ಲಿಸುವಂತಿರಲಿಲ್ಲ, ಅಜ್ಜಿ ಆಗಲೇ ಎದ್ದುನಿಲ್ಲುವಂತೆ ಮಂಡಿಯ ಮೇಲೆ ಕೈಯೂರಿದ್ದಳು. ಅಷ್ಟರಲ್ಲಿ ಮೂಲೆಯಿಂದ ಒಂದು ಧ್ವನಿ: "ನನ್ನನ್ನೂ ಹೇಳಮ್ಮ! ನನ್ನ ಸೊಸೆ ಏನು ಹಾಕಿಸಿದ್ದಾಳೋ ನಂಗೇ ಗೊತ್ತಿಲ್ಲ!" ಇನ್ನೊಂದು ಕಡೆಯಿಂದ: "ಆಮೇಲೆ ನಾನು!" ಅರ್ಧ ಗಂಟೆ ಮಿಯೆನ್ ಇಡೀ ಹಜಾರವನ್ನು ಹೇಳಿದಳು. ಹಸಿರು ಶಾಲು, ಅದರ ಅಂಚಿನ ಸುಟ್ಟ ತೂತು. ಎರಡು ಬೇರೆ ಬೇರೆ ಜೋಡಿಯ ಕೈಗವಸು. ಒಳಹೊರಗಾಗಿ ತೊಟ್ಟ ಸ್ವೆಟರು, ಬೆನ್ನ ಮೇಲೆ ಅದರ ಬೆಲೆಚೀಟಿ. ಅವಳಿಗೆ ಒಂದು ವಿಚಿತ್ರ ಗಮನಕ್ಕೆ ಬಂತು. ಗಟ್ಟಿಯಾಗಿ ಹೇಳಬೇಕಾದರೆ ಗಟ್ಟಿಯಾಗಿ ನೋಡಬೇಕಿತ್ತು. ಹಾಗೆ ನೋಡುತ್ತಿರುವಾಗ ಮೆಟ್ಟಿಲು ಎಲ್ಲಿದೆಯೆಂಬುದೇ ಮರೆತುಹೋಗುತ್ತಿತ್ತು.

"ನಮ್ಮನ್ನೆಲ್ಲ ಹೇಳಿದ್ಯಲ್ಲ," ಕೆಂಪು ಹೆಬ್ಬೆರಳಿನ ಅತ್ತೆ ಕಿಸಕ್ಕೆಂದಳು. ಅವಳು ಅಮ್ಮನನ್ನು ಕರೆತಂದವಳು, ಅವಳ ಕಣ್ಣು ಸರಿಯಾಗಿಯೇ ಇತ್ತು. "ಇನ್ನು ನಿನ್ನ ಜಾಕೀಟು ಹೇಳಿಬಿಡು ನೋಡೋಣ!"

ಮಿಯೆನ್ ಬಗ್ಗಿ ತನ್ನ ಜಾಕೀಟನ್ನು ನೋಡಿಕೊಂಡಳು.

"ಅದಕ್ಕೇನು ಹೇಳೋದು?" ಅಜ್ಜಿ ಬೆನ್ನು ನೆಟ್ಟಗೆ ಮಾಡಿದಳು. "ಕಡುನೀಲಿ. ತುದಿಯಿಂದ ತುದಿಗೆ ಒಂದೇ ನೀಲಿ. ನಾನೇ ಹೊಲಿದದ್ದು."

ಕಣ್ಣಿದ್ದವರೆಲ್ಲ ಮಿಯೆನ್‌ಳನ್ನು ನೋಡಿದರು. ಮಿಯೆನ್ ಆ ಅತ್ತೆಯನ್ನು ನೋಡಿ, ಎದೆಯ ಹತ್ತಿರ ಕಾಣದಂತೆ ಕೈಮುಗಿದಳು. ಅತ್ತೆ ಅಜ್ಜಿಯತ್ತ ತಿರುಗಿದಳು.

"ನೀಲಿ... ಇದೆ ಅಮ್ಮಾ," ಎಂದಳು ಕೊನೆಗೆ. "ಎದ್ದು ಕಾಣ್ತಿದೆ."

ಆಗಲೇ ದಪ್ಪ ಕನ್ನಡಕದ ಸಿಸ್ಟರ್ ಬಾಗಿಲಲ್ಲಿ ನಿಂತು ಅಜ್ಜಿಯ ಹೆಸರು ಕೂಗಿದಳು. ಮಖಮಲ್ಲು, ಮುತ್ತು, ಕಿರೀಟ ಎಲ್ಲ ಮಿಯೆನ್‌ಳ ಮಡಿಲಿಗೆ ಬಂದವು. ಹಸಿರು ಗೌನಿನಲ್ಲಿ ಅಜ್ಜಿ ಇದ್ದಕ್ಕಿದ್ದಂತೆ ಪುಟ್ಟ ಹುಡುಗಿಯ ಹಾಗೆ ಕಂಡಳು. "ಒಳಗಿರೋವಾಗ ಹೊರಗೆ ಯಾರು ಓಡಾಡಿದ್ರೋ ಎಲ್ಲ ನೋಡ್ಕೊಂಡಿರು," ಎಂದಳು. "ಬಂದ ಮೇಲೆ ಕೇಳ್ತೀನಿ."

ಇಪ್ಪತ್ತೈದು ನಿಮಿಷ. ಮಿಯೆನ್ ಕಣ್ಣು ಮಿಟುಕಿಸದೆ ಕಾರಿಡಾರನ್ನು ನೋಡುತ್ತ ಕೂತಳು. ನೋಡಲು ಹೆಚ್ಚೇನೂ ಇರಲಿಲ್ಲ. ಒಮ್ಮೆ ಬಾಗಿಲು ತೆರೆದು ಎಳೆಯ ವಯಸ್ಸಿನ ಡಾಕ್ಟರು ಹೊರಬಂದು, ಸಿಸ್ಟರಿಗೆ ಏನೋ ಹೇಳಿ, ಚಪ್ಪಲಿ ಸರಿಪಡಿಸಿಕೊಳ್ಳಲು ಬಗ್ಗಿದರು. ಪ್ಯಾಂಟು ಮೇಲೆ ಸರಿಯಿತು. ಮಿಯೆನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅಜ್ಜಿ ಬಲಗಣ್ಣಿಗೆ ಬಿಳಿ ಮುಚ್ಚಳ ಅಂಟಿಸಿಕೊಂಡು ಗಾಲಿಕುರ್ಚಿಯಲ್ಲಿ ಬಂದಳು. "ಉರಿಯೋ ಬಲ್ಬಿನೊಳಗೆ ಕೂತ ಹಾಗಿತ್ತು. ಬರೀ ಬೆಳಕು. ನೋವಿಲ್ಲ. ಅದಿರಲಿ, ಏನು ನೋಡಿದೆ?"

"ಡಾಕ್ಟರ ಸಾಕ್ಸು."

"ಅದರಲ್ಲೇನು?"

"ಬಾತುಕೋಳಿ ಅಜ್ಜಿ. ಹಳದಿ ಬಾತುಕೋಳಿಗಳು. ಪ್ರತಿ ಬಾತುಕೋಳಿಗೂ ಒಂದೊಂದು ಛತ್ರಿ."

ಅಜ್ಜಿಯ ಭುಜ ಕುಲುಕತೊಡಗಿತು.

"ನಗಬೇಡಿ!" ಸಿಸ್ಟರ್ ಗದರಿದಳು. "ಕಣ್ಣಿನ ಮೇಲೆ ಒತ್ತಡ ಬೀಳುತ್ತೆ. ಮಗೂ, ಅವರನ್ನ ನಗಿಸಬೇಡ. ಅಳಿಸಲೂ ಬೇಡ. ಮೂರು ಗಂಟೆ ತನಕ ಸುಮ್ನೆ ಇರಿ ಇಬ್ರೂ."

ಸುಮ್ಮನಿರುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ ಎಂದು ಅವರಿಗೆ ಅಂದು ತಿಳಿಯಿತು. ಅಜ್ಜಿ ಮತ್ತೆ ಮಖಮಲ್ಲು ತೊಟ್ಟು ಕೂತಳು. ಸುಟ್ಟ ಗೆಣಸಿನ ಸಿಪ್ಪೆ ಸುಲಿಯುತ್ತ ಅಜ್ಜಿ ಮೆಲ್ಲಗೆ "ಛತ್ರಿ" ಎಂದರೆ ಸಾಕು, ಇಬ್ಬರೂ ತುಟಿ ಕಚ್ಚಿ, ಗೋಡೆ ನೋಡಿ, ಒಬ್ಬರ ತೊಡೆಯನ್ನು ಇನ್ನೊಬ್ಬರು ಚಿವುಟಬೇಕಾಗಿತ್ತು. ಮಿಯೆನ್‌ಗೆ ತಲೆ ಹಗುರವಾಗಿ ತೇಲುವಂತಿತ್ತು. ಗಡಿಯಾರ ನೋಡಿದಾಗೆಲ್ಲ ಮಾತ್ರ ಚೀಲದ ತಳದ ಕೋಟನ್ನು ಕೈಹಾಕಿ ತಡವುತ್ತಿದ್ದಳು.

ಮೂರಕ್ಕೆ ಹತ್ತು ನಿಮಿಷವಿರುವಾಗ ಅಜ್ಜಿ ತೂಕಡಿಸಿದಳು. ಮಿಯೆನ್ ಚೀಲದಿಂದ ಬೂದಿ ಕೋಟನ್ನು ಎಳೆದಳು. ಜಾಕೀಟು ಬಿಚ್ಚೋಣವೆಂದರೆ ಅಜ್ಜಿ ಕಟ್ಟಿದ ಬಟ್ಟೆಯ ಗಂಟುಗುಂಡಿಗಳು ಹನ್ನೊಂದು. ಮೊದಲನೆಯದನ್ನು ಬಿಚ್ಚುವುದರೊಳಗೆ ಸಿಸ್ಟರಿನ ಚಪ್ಪಲಿಯ ಸದ್ದು ಕೇಳಿತು. ಅವಳು ಕೋಟನ್ನು ಜಾಕೀಟಿನ ಮೇಲೆಯೇ ಏರಿಸಿ, ಉಸಿರು ಬಿಗಿಹಿಡಿದು ಕೊರಳವರೆಗೆ ಗುಂಡಿ ಹಾಕಿದಳು.

ಸಿಸ್ಟರ್ ಕಣ್ಣಿನ ಮುಚ್ಚಳ ಬಿಚ್ಚಿದಳು. ಅಜ್ಜಿ ಕಣ್ಣು ಕಿರಿದು ಮಾಡಿ ಮೊದಲು ಕಿಟಕಿ ನೋಡಿದಳು. ಬಹಳ ಹೊತ್ತು ನೋಡಿದಳು. "ಓ," ಎಂದಳು. "ಮಳೆಗೆ ಗೆರೆ ಇದೆ!" ಸಿಸ್ಟರಿನ ಮುಖ ನೋಡಿ "ಇಷ್ಟು ಚಿಕ್ಕೋಳಾ ನೀನು? ಬೈಯೋದು ಕೇಳಿ ಅರವತ್ತು ಅನ್ಕೊಂಡಿದ್ದೆ" ಎಂದಳು. ಆಮೇಲೆ ತಿರುಗಿ ಮಿಯೆನ್‌ಳನ್ನು ನೋಡಿದಳು. ಮುಖವೆಲ್ಲ ಅರಳಿತು. ತಕ್ಷಣ ಹುಬ್ಬು ಗಂಟಿಕ್ಕಿತು.

"ಇಷ್ಟು ದಪ್ಪ ಯಾವಾಗ ಆದೆ?"

"ಅದು... ಚಳಿ ಅಜ್ಜಿ."

"ಇದ್ಯಾವುದು ಇಲಿ ಬಣ್ಣ? ನನ್ನ ಜಾಕೀಟೆಲ್ಲಿ?" ಅಜ್ಜಿಯ ಹೊಸ ಕಣ್ಣು ಕೋಟಿನ ತೋಳಿನ ತುದಿಗೆ ಬಂದು ನಿಂತಿತು. ಒಳಗಿನಿಂದ ಎರಡು ಬೆರಳಷ್ಟು ಗುಲಾಬಿ ಇಣುಕುತ್ತಿತ್ತು. "ಅದೇನದು, ಗುಲಾಬಿ?"

ಮೆಟ್ಟಿಲು ಪ್ರತ್ಯಕ್ಷವಾಯಿತು. ಇಷ್ಟು ಹತ್ತಿರ, ಇಷ್ಟು ಮೆತ್ತಗೆ ಅದು ಎಂದೂ ಇರಲಿಲ್ಲ. ಒಂದು ಹೆಜ್ಜೆ ಇಟ್ಟರೆ ಸಾಕು, ಕೆಳಗಿನದೆಲ್ಲ ಬೇರೆ ಯಾರಿಗೋ ಆದಂತಾಗುತ್ತದೆ. ಮಿಯೆನ್ ಬೆಳಗಿನಂತೆಯೇ ಎದುರಿಗಿದ್ದುದನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಎದುರಿಗೆ ಅಜ್ಜಿ. ಕೆಂಪು ಮಖಮಲ್ಲು. ಮುತ್ತಿನ ಸರ ಸ್ವಲ್ಪ ವಾಲಿದೆ. ಬಲಗಣ್ಣಿನ ಸುತ್ತ ಅಂಟುಪಟ್ಟಿಯ ಗುರುತು. ಆ ಕಣ್ಣು ನನ್ನನ್ನೇ ನೋಡುತ್ತಿದೆ.

ಅವಳು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೋಟನ್ನು ಕಳಚಿ ಕುರ್ಚಿಯ ಮೇಲಿಟ್ಟು, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನಿಂತಳು.

ಅಜ್ಜಿ ಹತ್ತಿರ ಬಂದಳು. ಬೆರಳ ತುದಿಯಿಂದ ಬಲ ಎದೆ ಮುಟ್ಟಿದಳು. "ಬದನೆಕಾಯಿ." ತೋಳು. "ಬೀಟ್‌ರೂಟು." ಭುಜ ಹಿಡಿದು ಅವಳನ್ನು ತಿರುಗಿಸಿದಳು. "ಬಾಟಲಿ." ಮತ್ತೆ ಈಚೆ ತಿರುಗಿಸಿದಳು. "ನೀಲಿ ತಾನೆ ಅಂತ ಕೇಳಿದ್ದೆ."

"ಹೂಂ ಅಂದಾಗ ನಾನು ನೋಡಿರಲಿಲ್ಲ ಅಜ್ಜಿ. ಅಟ್ಟದ ಮೇಲಿದ್ದೆ. ಮಾರನೇ ದಿನ ನೋಡಿದೆ, ಆದ್ರೆ ನೀನು ಹಾಡು ಹೇಳ್ತಿದ್ದೆ. ಹೇಳೋಕೆ ಧೈರ್ಯ ಬರಲಿಲ್ಲ. ಆಮೇಲೆ ಎಲ್ಲದಕ್ಕೂ ಸುಳ್ಳೇ ಹೇಳಿದೆ."

ಅಜ್ಜಿಯ ಗಲ್ಲ ಅದುರಿತು.

"ಅಳಬೇಡಿ!" ಸಿಸ್ಟರ್ ಓಡಿಬಂದಳು.

"ಅಳ್ತಿಲ್ಲಮ್ಮ. ಯೋಚನೆ ಮಾಡ್ತಿದ್ದೀನಿ," ಅಜ್ಜಿ ಕೈಯೆತ್ತಿ ಅವಳನ್ನು ತಡೆದಳು. ದನಿ ಗಡುಸಾಗಿತ್ತು. "ಜಾಕೀಟು ಹೋಗ್ಲಿ. ಬೆಳಿಗ್ಗೆ ನಿನ್ನ ಮಾತು ಹಿಡ್ಕೊಂಡು ಒಳಗೆ ಹೋದೆ ಕಣೇ. ಅದಿಲ್ದಿದ್ರೆ ಮನೆಗೆ ಓಡಿಹೋಗ್ತಿದ್ದೆ. ಆ ಸಾಸರು ಹೂವು, ಆ ಸಾಕ್ಸು, ಅದೂ ಎಲ್ಲ 'ಹೂಂ'ಗಳೇನಾ? ಮುದುಕಿಗೆ ಕಾಣಲ್ಲ ಅಂತ ಕತೆ ಕಟ್ಟಿದ್ಯಾ?"

ಇದು ಮಿಯೆನ್ ಎಣಿಸಿದ್ದೇ ಇಲ್ಲ. ಜಾಕೀಟಿನ ಸುಳ್ಳಿಗಿಂತ ಇದು ಆಳಕ್ಕೆ ನಾಟಿತು. "ಇಲ್ಲ!" ಅವಳು ಕೂಗಿಯೇಬಿಟ್ಟಳು. ಅಷ್ಟು ಜೋರು ದನಿ ತನ್ನೊಳಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ಅದೆಲ್ಲ ನೋಡಿಯೇ ಹೇಳಿದ್ದು. ಒಂದೊಂದೂ."

"ತೋರಿಸು ಹಾಗಾದ್ರೆ."

ಹಜಾರ ಅರ್ಧ ಖಾಲಿಯಾಗಿತ್ತು. ಗಿಡ್ಡ ಸ್ಕರ್ಟಿನ ಹುಡುಗಿ ಹೋಗಿಬಿಟ್ಟಿದ್ದಳು. ಕೆಂಪು ಹೆಬ್ಬೆರಳಿನ ಅತ್ತೆಯೂ ಇರಲಿಲ್ಲ. ಆಗ ಕಂಬದ ಮರೆಯಿಂದ ನರಳುವ ದನಿಯೊಂದು ಕೇಳಿಸಿತು. ಬೆರೆ ಟೋಪಿ ತಾತ ಈಗಷ್ಟೇ ಮುಚ್ಚಳ ಬಿಚ್ಚಿಸಿಕೊಂಡು, ತನ್ನ ತೊಡೆಗಳನ್ನೇ ದಿಟ್ಟಿಸುತ್ತ ಕೂತಿದ್ದ.

"ಚುಕ್ಕಿ ಅಂದಿದ್ಲು," ಅವನು ತೊದಲಿದ. "ಸಣ್ಣ ಸಣ್ಣ ಚುಕ್ಕಿ ಅಂದಿದ್ಲು! ಇದರಲ್ಲಿ ನಾನು ಬಸ್ಸಲ್ಲಿ ನಿಂತ್ಕೊಂಡು ಬಂದೆ!"

ಅಜ್ಜಿ ಹತ್ತಿರ ಹೋಗಿ, ಒಂದು ಹೂವಿನ ಮೇಲೆ ಅಂಗೈ ಇಟ್ಟು ಅಳೆಯುವಂತೆ ನೋಡಿದಳು. "ಸಾಸರೇ," ಎಂದಳು ಗಂಭೀರವಾಗಿ. ತುಟಿಯ ಒಂದು ತುದಿ ಮಾತ್ರ ಮಾತು ಕೇಳದೆ ಮೇಲೇರಿತು. "ಒಂದಾಯ್ತು. ಇನ್ನು ಬಾತುಕೋಳಿ."

"ಅಜ್ಜೀ, ಅವರು ಡಾಕ್ಟರು!"

"ಅದಕ್ಕೇ ನೀನು ಕೇಳ್ತೀಯ. ನಾನು ಕೇಳಿದ್ರೆ ಚೆನ್ನಾಗಿರಲ್ಲ."

ಹೋಟೆಲಿನಲ್ಲಿ ಇನ್ನೊಂದು ಲೋಟ ನೀರು ಕೇಳಲಾರದ ಮಿಯೆನ್, ಐದು ನೀಲಿಗಳ ಜಾಕೀಟು ತೊಟ್ಟು, ಡಾಕ್ಟರ ಕೋಣೆಯ ಬಾಗಿಲು ತಟ್ಟಿದಳು. ಹಿಂದೆ ಮಖಮಲ್ಲಿನ ಅಜ್ಜಿ. ಅವಳ ಹಿಂದೆ, ತಡೆಯಲು ಬಂದು ತಾನೂ ಕುತೂಹಲಕ್ಕೆ ಬಿದ್ದ ಸಿಸ್ಟರ್. ಅವಳ ಹಿಂದೆ ಹೂವಿನ ಪೈಜಾಮದ ತಾತ.

"ಸರ್," ಮಿಯೆನ್ ಡಾಕ್ಟರ ಮುಖ ನೋಡಿಯೇ ಹೇಳಿದಳು. "ದಯವಿಟ್ಟು ನಿಮ್ಮ ಪ್ಯಾಂಟು ಸ್ವಲ್ಪ ಮೇಲೆತ್ತಿ."

ಡಾಕ್ಟರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಸಾಕ್ಸು ಸರ್. ನಮ್ಮಜ್ಜಿ ನಾನು ಸುಳ್ಳು ಹೇಳಿದೆ ಅಂತಿದ್ದಾರೆ."

ಡಾಕ್ಟರ ಕಿವಿಗಳು ಕೆಂಪಾದವು. "ನನ್ನ ಮಗಳು ಆರಿಸಿದ್ದು," ಎಂದು ಗೊಣಗುತ್ತ ಅವರು ಪ್ಯಾಂಟು ಎತ್ತಿದರು. ಬಾತುಕೋಳಿಗಳು ಸಾಲಾಗಿ, ಛತ್ರಿ ಹಿಡಿದು, ಪಾದದಿಂದ ಮೀನಖಂಡದವರೆಗೆ ನಡೆದಿದ್ದವು.

ಅಜ್ಜಿ ಬಗ್ಗಬಾರದ್ದರಿಂದ ನಿಂತಲ್ಲೇ ನೋಡಿದಳು. ಎಡಗಣ್ಣು ಮುಚ್ಚಿ ನೋಡಿದಳು. ಆಮೇಲೆ ಬಲಗಣ್ಣು ಮುಚ್ಚಿ ನೋಡಿದಳು. ಮತ್ತೆ ಎಡ, ಮತ್ತೆ ಬಲ.

"ಏನಾಯ್ತಮ್ಮ?" ಡಾಕ್ಟರು ಗಾಬರಿಯಾದರು.

"ಈ ಕಣ್ಣಲ್ಲಿ ಹಳದಿ. ಆ ಕಣ್ಣಲ್ಲಿ ಬಿಳಿ." ಅಜ್ಜಿ ಥಟ್ಟನೆ ಮಿಯೆನ್ ಕಡೆ ತಿರುಗಿ, ಒಂದು ಕಣ್ಣು ಮುಚ್ಚಿ, ತೆಗೆದು, ಇನ್ನೊಂದು ಮುಚ್ಚಿದಳು. ಮುಖದ ಮೇಲೆ ಮೆಲ್ಲಗೆ ಒಂದು ಬೆಳಕು ಹರಡಿತು. "ಅಯ್ಯೋ ನೋಡೇ! ಎಡಗಣ್ಣಲ್ಲಿ ಕಡುನೀಲಿ. ಪೂರ್ತಿ ಒಂದೇ ನೀಲಿ! ನಾನು ತಪ್ಪೇ ಮಾಡಿಲ್ಲ. ಈ ಕಣ್ಣಿನ ಪ್ರಕಾರ ನಾನಿನ್ನೂ ಊರಲ್ಲೇ ಒಳ್ಳೇ ದರ್ಜಿ."

"ಆ ಕಣ್ಣಿನ ಪ್ರಕಾರ?" ಮಿಯೆನ್ ಉಸಿರು ಬಿಗಿಹಿಡಿದು ಕೇಳಿದಳು.

ಅಜ್ಜಿ ಬಲಗಣ್ಣಿನಿಂದ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಆ ಕಣ್ಣಿನ ಪ್ರಕಾರ ಹುಚ್ಚಿ," ಎಂದಳು. "ಆದ್ರೆ ಎಂಥ ಹುಚ್ಚಿ ಕಣೇ! ಹೊಲಿಗೆ ನೋಡು, ಒಂದು ಎಳೆ ಆಚೀಚೆ ಇಲ್ಲ."

"ಎಡಗಣ್ಣಿನದು ಮುಂದಿನ ತಿಂಗಳು ಮಾಡೋಣ," ಡಾಕ್ಟರು ಪ್ಯಾಂಟು ಇಳಿಸುತ್ತ ಹೇಳಿದರು.

"ಹಾಗಾದ್ರೆ ಇನ್ನೊಂದು ತಿಂಗಳು ನಾನೇ ಒಳ್ಳೇ ದರ್ಜಿ, ಅಷ್ಟು ಸಾಕು ಬಿಡಿ," ಎಂದಳು ಅಜ್ಜಿ.

ಸಿಸ್ಟರ್ ಮೊದಲು ನಕ್ಕಳು. ಆಮೇಲೆ ನಗಬಾರದೆಂದು ತಾನೇ ಎಲ್ಲರಿಗೂ ಗದರಿದಳು. ತಾತ ಗೋಡೆಗೆ ಹಣೆ ಒತ್ತಿ ನಿಂತ. ಅಜ್ಜಿ ತುಟಿ ಬಿಗಿದು, ಮಿಯೆನ್‌ಳ ಬೀಟ್‌ರೂಟ್ ತೋಳನ್ನು ಗಟ್ಟಿಯಾಗಿ ಹಿಡಿದು, ಮೂಗಿನಿಂದ ಮಾತ್ರ ನಗುತ್ತ ಕಾರಿಡಾರಿಗೆ ಬಂದಳು.

"ಬಿಚ್ಚಿ ಕೊಡು ಅದನ್ನ. ಮನೇಲಿ ಹೊಲಿಗೆ ಕಳಚಿ, ಈ ಹೊಸ ಕಣ್ಣಲ್ಲಿ ಸರಿಯಾಗಿ ನೀಲಿ ಆರಿಸಿ ಮತ್ತೆ ಹೊಲೀತೀನಿ."

"ಬಿಚ್ಚಲ್ಲ," ಎಂದಳು ಮಿಯೆನ್.

"ಏನಂದೆ?"

"ಬಿಚ್ಚಲ್ಲ ಅಜ್ಜಿ. ನನಗೆ ಅಂತ ಕಳಿಸಿದ ಚಳಿ ಇನ್ನೂ ಎರಡು ದಿನ ಇರುತ್ತೆ. ನಾನಿದನ್ನೇ ಹಾಕ್ಕೋತೀನಿ. ಇನ್ಮೇಲೆ ಬಣ್ಣ ಕೇಳಿದಾಗ ನೋಡೇ ಹೇಳ್ತೀನಿ."

ಅಜ್ಜಿ ವಾಲಿದ್ದ ಮುತ್ತಿನ ಸರವನ್ನು ಸರಿಮಾಡಿಕೊಂಡಳು. ಹೊರಗಿನ ಬಾಗಿಲು ತೆರೆಯುತ್ತಲೇ ಜಿನುಗು ಮಳೆಯೊಂದಿಗೆ ತಣ್ಣನೆಯ ಗಾಳಿ ಮುಖಕ್ಕೆ ರಾಚಿತು. ಮಖಮಲ್ಲಿನೊಳಗೆ ಅಜ್ಜಿ ನಡುಗಿದಳು. ಮಿಯೆನ್ ಕುರ್ಚಿಯಿಂದ ಎತ್ತಿ ಮತ್ತೆ ಚೀಲಕ್ಕೆ ತುರುಕಿದ್ದ ಕೋಟನ್ನು ತೆಗೆದು ಅವಳಿಗೆ ಹೊದಿಸಿ, ಗಲ್ಲದವರೆಗೆ ಗುಂಡಿ ಹಾಕಿದಳು.

"ಓ, ಟವೆಲ್ಲು!" ಅಜ್ಜಿ ಕೆಣಕಿದಳು. ತೋಳು ಚಾಚಿ, ಒಂದು ಕಣ್ಣು ಮುಚ್ಚಿ ನೋಡಿದಳು. ಇನ್ನೊಂದು ಕಣ್ಣು ಮುಚ್ಚಿ ನೋಡಿದಳು. "ಇದರ ಬಣ್ಣ ಯಾವುದು ಮಗಳೇ? ನೋಡಿ ಹೇಳು."

"ಬೂದಿ, ಅಜ್ಜಿ."

"ಪಾಪ," ಎಂದಳು ಅಜ್ಜಿ. "ಎರಡೂ ಕಣ್ಣಿಗೂ ಬೂದಿನೇ."